ಎರಡು ಬದಿಯ ವಹಿ: ನಮ್ಮನ್ನು ನಾವೇ ಬರೆದುಕೊಂಡ ಇತಿಹಾಸ



ಸಂಘದ ವರ್ಧಂತಿಯ ಸ್ಮರಣಿಕೆಗೆ "ಇತಿಹಾಸದ ಮ್ಯಾಲೆ ಏನರೆ ಬರಿ, ನೀ ಬಿ.ಎ. ಓದಾಕತ್ತೀಯಲ್ಲ" ಅಂತ ನಮ್ಮ ಹಿರಿಯ ಕಾರ್ಯಕರ್ತರು ಹೇಳಿದರು. ಇತಿಹಾಸ ಅಂದ್ರ ರಾಜರ ಲಡಾಯಿ, ಇಸವಿಗಳ ಪಟ್ಟಿ ಅಂತ ಭಾಳ ಮಂದಿ ತಿಳ್ಕೊಂಡಾರ. ನಾನು ಇಲ್ಲಿ ಒಂದು ಸಣ್ಣ ಸಾಮಾನಿನ ಇತಿಹಾಸ ಹೇಳ್ತೀನಿ. ಅದು ವಹಿ. ಕಿರಾಣಿ ಅಂಗಡಿಯ ಉದ್ರಿ ವಹಿ ಅಲ್ಲ, ಸಾಲಿಯ ಗಣಿತದ ವಹಿಯೂ ಅಲ್ಲ. ಮನುಷ್ಯ ತನ್ನನ್ನು ತಾನೇ ಪ್ರಶ್ನೆ ಕೇಳಿಕೊಂಡು, ಖರೆ ಉತ್ತರ ಬರೆದಿಡುವ ವಹಿ.

ಈಗ ಪೇಟೆಯಲ್ಲಿ 'ಜರ್ನಲ್' ಅಂತ ಚಂದದ ಪುಸ್ತಕ ಮಾರುತ್ತಾರೆ. ಪ್ರತಿ ಪುಟದ ಮೇಲೆ ಒಂದು ಪ್ರಶ್ನೆ ಛಾಪಿಸಿರುತ್ತದೆ, ಕೆಳಗೆ ಖಾಲಿ ಗೆರೆಗಳು. ಇವತ್ತು ಏನು ಒಳ್ಳೇದಾಯಿತು? ನೀನು ಎಲ್ಲಿ ಎಡವಿದೆ? ನಾಳೆ ಏನು ಸುಧಾರಿಸುತ್ತೀ? ನಾವು ಉತ್ತರ ತುಂಬಬೇಕು. ಮೊಬೈಲಿನಲ್ಲೂ ಇಂಥ ಆ್ಯಪ್ ಬಂದಾವ. ನಮ್ಮ ಹುಡುಗರು ಇದನ್ನ ನೋಡಿ "ಇದು ಹೊಟ್ಟಿ ತುಂಬಿದವರ ಚಟ, ಫಾರಿನ್ ಮಂದಿದು" ಅಂತ ನಗ್ತಾರ. ನಾನು ಎರಡು ಮಾತು ಹೇಳಬೇಕು. ಒಂದು, ಇದು ಹೊರಗಿನದ್ದಲ್ಲ. ಪ್ರಶ್ನೆ ಹಿಡಿದು ತನ್ನನ್ನು ತಾನು ನೋಡಿಕೊಳ್ಳುವ ರೂಢಿ ನಮ್ಮ ದಾರಿಯಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನದು. ಎರಡು, ಪೇಟೆಯ ಪುಸ್ತಕಕ್ಕೆ ಒಂದೇ ಬದಿ ಇದೆ; ನಮ್ಮ ಹಿರಿಯರು ಬರೆದ ವಹಿಗೆ ಎರಡು ಬದಿ ಇದ್ದವು. ಆ ಎರಡನೇ ಬದಿ ಯಾವುದು ಅನ್ನೋದೇ ಈ ಲೇಖನದ ವಿಷಯ.

ರಾಹುಲನ ಕನ್ನಡಿ

ಮಜ್ಝಿಮ ನಿಕಾಯದಲ್ಲಿ ಅಂಬಲಟ್ಠಿಕ ರಾಹುಲೋವಾದ ಸುತ್ತ ಅಂತ ಒಂದು ಉಪದೇಶವಿದೆ. ಬುದ್ಧ ತನ್ನ ಮಗ ರಾಹುಲನಿಗೆ ಹೇಳಿದ್ದು. ಕಾಲು ತೊಳೆದ ಪಾತ್ರೆಯ ತಳದಲ್ಲಿ ಒಂದಿಷ್ಟು ನೀರು ಉಳಿಸಿ, ಬೇಕಂತಲೇ ಸುಳ್ಳು ಹೇಳಿ ನಾಚದವನ ಸಾಧನೆ ಇಷ್ಟೇ ಇಷ್ಟು ಎಂದು ಬುದ್ಧ ತೋರಿಸುತ್ತಾನೆ. ಆ ನೀರು ಚೆಲ್ಲುತ್ತಾನೆ, ಪಾತ್ರೆ ಬೋರಲು ಹಾಕುತ್ತಾನೆ. ಆಮೇಲೆ ಕೇಳುತ್ತಾನೆ: ಕನ್ನಡಿ ಯಾತಕ್ಕೆ? ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ರಾಹುಲ. ಹಾಗೇ ದೇಹದಿಂದ, ಮಾತಿನಿಂದ, ಮನಸ್ಸಿನಿಂದ ಮಾಡುವ ಪ್ರತಿ ಕೆಲಸವನ್ನೂ ನೋಡಿ ನೋಡಿ ಮಾಡಬೇಕು ಎನ್ನುವುದು ಬುದ್ಧನ ಪಾಠ.

ಯಾವಾಗ ನೋಡಬೇಕು? ಮೂರು ಸಲ. ಮಾಡುವ ಮುಂಚೆ, ಮಾಡುತ್ತಿರುವಾಗ, ಮಾಡಿದ ಮೇಲೆ. ಏನು ಕೇಳಬೇಕು? ಇದರಿಂದ ನನಗೆ ಕೇಡೋ, ಬೇರೆಯವರಿಗೆ ಕೇಡೋ, ಇಬ್ಬರಿಗೂ ಕೇಡೋ? ಮಾಡಿದ್ದು ಕೆಟ್ಟದ್ದು ಅಂತ ಕಂಡರೆ ಗುರುವಿನ ಮುಂದೆ ಅಥವಾ ತಿಳಿದ ಸಂಗಾತಿಯ ಮುಂದೆ ಬಾಯಿಬಿಟ್ಟು ಹೇಳಬೇಕು, ಮುಂದೆ ಮಾಡಬಾರದು. ಒಳ್ಳೆಯದು ಅಂತ ಕಂಡರೆ ಸಂತೋಷದಿಂದ ಅದನ್ನೇ ಮುಂದುವರಿಸಬೇಕು. ನೋಡ್ರಿ, ಇಲ್ಲಿ ಕಾಗದ ಇಲ್ಲ, ಪೆನ್ನು ಇಲ್ಲ, ಆದರೆ ಪ್ರಶ್ನೆಗಳು ತಯಾರು ಅದಾವ. ಇವತ್ತಿನ ಛಾಪಿಸಿದ ವಹಿ ಮಾಡೋ ಕೆಲಸ ಇದೇ ಅಲ್ಲೇನ್ರಿ?

ಇದು ಬರೇ ಕಥೆಯಾಗಿ ಉಳಿದಿಲ್ಲ. ರಾಜಸ್ಥಾನದ ಬೈರಾಟದಲ್ಲಿ ಸಿಕ್ಕ ಅಶೋಕನ ಶಾಸನದಲ್ಲಿ, ಭಿಕ್ಷು-ಭಿಕ್ಷುಣಿಯರೂ ಉಪಾಸಕ-ಉಪಾಸಿಕೆಯರೂ ಮತ್ತೆ ಮತ್ತೆ ಕೇಳಬೇಕಾದ ಏಳು ಉಪದೇಶಗಳ ಪಟ್ಟಿಯಿದೆ. ಏಳನೆಯದು, ಸುಳ್ಳಿನ ವಿಷಯವಾಗಿ ರಾಹುಲನಿಗೆ ಹೇಳಿದ ಉಪದೇಶ. ಆ ಕಲ್ಲು ಈಗ ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿದೆ.

ಸನ್ನತಿಯ ಕಲ್ಲು

ರಾಜಸ್ಥಾನ ದೂರಾಯ್ತು ಅಂತೀರಾ? ಹತ್ತಿರಕ್ಕೇ ಬರೋಣ. ನಮ್ಮ ಹೋಟಗಿ ಜಂಕ್ಷನ್ನಿನಲ್ಲಿ ವಾಡಿ ಲೈನಿನ ಗಾಡಿ ಹತ್ತಿ, ಕಲಬುರಗಿ, ವಾಡಿ ದಾಟಿದರೆ ನಾಲವಾರ ಸ್ಟೇಷನ್. ಅಲ್ಲಿಂದ ಸ್ವಲ್ಪ ದೂರದಲ್ಲಿ ಭೀಮಾ ನದಿಯ ದಂಡೆಗೆ ಸನ್ನತಿ ಎಂಬ ಊರಿದೆ. ನಮ್ಮ ಜಿಲ್ಲೆಯಲ್ಲಿ ಹರಿದು ಹೋಗುವ ಅದೇ ಭೀಮೆ. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಪೀಠವಾಗಿ ಬಳಸಿದ್ದ ಕಲ್ಲು ಹೊರಬಿತ್ತು. ನೋಡಿದರೆ ಅದರ ಮೈಮೇಲೆ ಅಶೋಕನ ಅಕ್ಷರ! ಶತಮಾನಗಳ ಕಾಲ ಮಂದಿ ಕೈ ಮುಗಿದ ಮೂರ್ತಿಯ ಕೆಳಗೆ ಬೌದ್ಧ ಚಕ್ರವರ್ತಿಯ ಮಾತು ಮುಚ್ಚಿಹೋಗಿತ್ತು.

ಸನ್ನತಿಯ ಕಲ್ಲಿನಲ್ಲಿ ಸಿಕ್ಕಿದ್ದರಲ್ಲಿ 'ಪ್ರತ್ಯೇಕ ಶಾಸನ' ಎನ್ನುವವೂ ಇವೆ. ಇವುಗಳ ಹೆಚ್ಚು ಪೂರ್ತಿಯಾದ ಪಾಠ ಒಡಿಶಾದ ಧೌಲಿಯಲ್ಲಿದೆ. ಅದು ಊರಿನ ನ್ಯಾಯ ನೋಡುವ ಅಧಿಕಾರಿಗಳಿಗೆ ಬರೆದದ್ದು. ಕಾರಣವಿಲ್ಲದೆ ಜನರು ಸೆರೆ ಬೀಳುತ್ತಾರೆ, ಹಿಂಸೆ ಅನುಭವಿಸುತ್ತಾರೆ, ಹಾಗಾಗಬಾರದು. ಅಧಿಕಾರಿ ಎಲ್ಲಿ ಸೋಲುತ್ತಾನೆ? ಮತ್ಸರ, ಸಿಟ್ಟು, ಕ್ರೌರ್ಯ, ಅವಸರ, ಆಲಸ್ಯ, ದಣಿವು, ಇವುಗಳಿಂದ. ಇವು ನನ್ನೊಳಗೆ ಇರದಿರಲಿ ಎಂದು ಪ್ರತಿಯೊಬ್ಬ ಅಧಿಕಾರಿ ತಾನೇ ಅಂದುಕೊಳ್ಳಬೇಕು ಎನ್ನುತ್ತದೆ ಶಾಸನ. ತಿಷ್ಯ ನಕ್ಷತ್ರದ ದಿನ ಇದನ್ನು ಓದಿಸಿ ಕೇಳಬೇಕು, ನಡುವೆಯೂ ಕೇಳಬಹುದು, ಒಬ್ಬನೇ ಇದ್ದರೂ ಕೇಳಬಹುದು.

ಇಲ್ಲಿ ಒಂದು ವಿಷಯ ಗಮನಿಸಿರಿ. ಆತ್ಮಪರೀಕ್ಷೆ ಮಾಡಿಕೊಳ್ಳಿ ಅಂತ ಅಶೋಕ ಹೇಳಿದ್ದು ಸೆರೆಮನೆಯೊಳಗೆ ಬಿದ್ದ ಬಡವನಿಗೆ ಅಲ್ಲ, ಅವನನ್ನು ಸೆರೆಗೆ ಹಾಕುವ ಅಧಿಕಾರ ಇದ್ದವನಿಗೆ. ಮುಂದಿನ ಕಾಲದಲ್ಲಿ ಇದು ತಿರುವುಮುರುವಾಯಿತು. ಅನ್ಯಾಯ ಮಾಡಿದವನು ಆರಾಮ ಕೂತ, ಅನ್ಯಾಯ ಉಂಡವನಿಗೆ "ನಿನ್ನ ಹಿಂದಿನ ಜನ್ಮದ ಕರ್ಮ, ನಿನ್ನೊಳಗೇ ತಪ್ಪು ಹುಡುಕು" ಅಂದರು. ಇದನ್ನ ನೆನಪಿಡ್ರಿ, ಮುಂದ ಬೇಕಾಗ್ತದ.

ಸೊನ್ನಲಿಗೆಯ ಶರಣರು

ನಡುವೆ 12ನೆಯ ಶತಮಾನವನ್ನು ದಾಟಿ ಹೋಗುವಂತಿಲ್ಲ, ಯಾಕಂದ್ರ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಕೆರೆ ಕಟ್ಟಿದ ಸಿದ್ಧರಾಮ, ದೇವರ ಜೊತೆ ಮಾತಾಡುವಾಗಲೇ ತನ್ನ ಮನಸ್ಸನ್ನು ಕಟಕಟೆಯಲ್ಲಿ ನಿಲ್ಲಿಸಿ ವಿಚಾರಿಸಿದ ವಚನಕಾರ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಾದಾರ ಧೂಳಯ್ಯ, ಉರಿಲಿಂಗಪೆದ್ದಿ, ಅವನ ಪುಣ್ಯಸ್ತ್ರೀ ಕಾಳವ್ವೆ, ಇವರೆಲ್ಲ ನಮ್ಮ ಕೇರಿಗಳಿಂದ ಎದ್ದು ಬಂದವರು. ತನ್ನ ನಡೆ ತನ್ನ ನುಡಿಗೆ ಸರಿಯಾಗಿದೆಯೇ ಅಂತ ಕೇಳಿಕೊಳ್ಳುವುದು ಅವರ ದಿನದ ಕೆಲಸ. ಅದರ ಜೊತೆಗೇ, ಕುಲದ ಹೆಸರಿನಲ್ಲಿ ಮನುಷ್ಯನನ್ನು ಕೀಳು ಮಾಡಿದವರನ್ನೂ ಅವರು ಬಿಡಲಿಲ್ಲ. ತನ್ನನ್ನೂ ಕೇಳು, ಜಗತ್ತನ್ನೂ ಕೇಳು. ಎರಡು ಬದಿ ಇಲ್ಲಿಂದಲೇ ಕಾಣಿಸುತ್ತವೆ.

ಬಾಬಾಸಾಹೇಬರ ಕೈಬರಹ

ಬರೆಯಬೇಕು ಅಂದ್ರ ಮೊದಲು ಅಕ್ಷರ ಬೇಕು, ಕೂಡಲು ಜಾಗ ಬೇಕು, ದೀಪ ಬೇಕು, ಹೊಟ್ಟೆಗೆ ಭಾಕರಿ ಬೇಕು. ಬಾಬಾಸಾಹೇಬರು 1924ರ ಜುಲೈ 20ರಂದು ಮುಂಬಯಿಯಲ್ಲಿ ಬಹಿಷ್ಕೃತ ಹಿತಕಾರಿಣೀ ಸಭಾ ಸ್ಥಾಪಿಸಿದರು. ಆ ಸಭೆ ವಿದ್ಯಾರ್ಥಿಗಳಿಗಾಗಿ ವಸತಿಗೃಹ ತೆರೆದದ್ದು ಎಲ್ಲಿ ಗೊತ್ತೇನ್ರಿ? ನಮ್ಮ ಸೊಲ್ಲಾಪುರದಲ್ಲಿ, 1925ರ ಜನವರಿ 4ರಂದು. ಹೈಸ್ಕೂಲಿನಲ್ಲಿ ಓದುವ ನಮ್ಮ ಹುಡುಗರಿಗೆ ಅಲ್ಲಿ ಊಟ, ಬಟ್ಟೆ, ಓದುವ-ಬರೆಯುವ ಸಾಮಾನಿನ ಖರ್ಚು ಸಭೆಯದು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ವಹಿ-ಪೆನ್ನು ಬಂದದ್ದು ಇಂಥ ದಾರಿಯಿಂದ.

ಅದೇ ಬಾಬಾಸಾಹೇಬರು ತಮ್ಮ ಬಾಳಿನ ಕೆಲವು ಘಟನೆಗಳನ್ನು 1930ರ ದಶಕದಲ್ಲಿ ಸ್ವಂತ ಕೈಯಿಂದ ಬರೆದಿಟ್ಟರು. ಅದರ ಹೆಸರು 'ವೇಟಿಂಗ್ ಫಾರ್ ಎ ವೀಸಾ'. ಅವರು ಇರುವವರೆಗೆ ಅದು ಛಾಪಾಗಲಿಲ್ಲ. 1990ರಲ್ಲಿ ಪೀಪಲ್ಸ್ ಎಜ್ಯುಕೇಶನ್ ಸೊಸೈಟಿ ಅದನ್ನು ಸಣ್ಣ ಪುಸ್ತಕವಾಗಿ ತಂದಿತು. ಇಂದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೂ ಅದನ್ನು ಓದಿಸುತ್ತಾರೆ. ಕಾನೂನಿನ ದೊಡ್ಡ ದೊಡ್ಡ ಗ್ರಂಥ ಬರೆದವರು ಇಲ್ಲಿ ಬಹಳ ಸಾದಾ ಮಾತಿನಲ್ಲಿ ಬರೆಯುತ್ತಾರೆ.

ಮೊದಲ ಘಟನೆ 1901ರದು. ತಂದೆ ಕೋರೆಗಾಂವದಲ್ಲಿ ನೌಕರಿಯಲ್ಲಿ ಇದ್ದರು. ಸಾತಾರೆಯಿಂದ ಮಕ್ಕಳು ಹೊಸ ಬಟ್ಟೆ ತೊಟ್ಟು ರೈಲಿನಲ್ಲಿ ಮಸೂರು ಸ್ಟೇಷನ್ನಿಗೆ ಬಂದು ಇಳಿದರು. ಕರೆಯಲು ಯಾರೂ ಬಂದಿಲ್ಲ. ಸ್ಟೇಷನ್ ಮಾಸ್ತರ ಮೊದಲು ಪ್ರೀತಿಯಿಂದ ಮಾತಾಡಿಸಿದ, ಮಹಾರರ ಮಕ್ಕಳು ಅಂತ ತಿಳಿದ ಕೂಡಲೇ ಅವನ ಮುಖ ಬದಲಾಯಿತು. ಬಂಡಿಯವರು ಒಲ್ಲೆ ಅಂದರು. ಕಡೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ. ಆದರೆ ಬಂಡಿ ಹೊಡೆಯುವವರು ಮಕ್ಕಳು, ಅವನು ಬದಿಯಲ್ಲಿ ನಡೆದು ಬಂದ. ಬುತ್ತಿಯಲ್ಲಿ ಊಟ ಇತ್ತು, ಕುಡಿಯಲು ನೀರು ಮಾತ್ರ ಯಾರೂ ಕೊಡಲಿಲ್ಲ. ತಂದೆಗೆ ಬರೆದ ಕಾಗದವನ್ನು ಅವರ ಆಳು ಕೊಡಲು ಮರೆತಿದ್ದ ಅಂತ ಆಮೇಲೆ ಗೊತ್ತಾಯಿತು. ಮಗುವಿನ ಮನಸ್ಸಿನಲ್ಲಿ ಆದ ಗಾಯವನ್ನು ಅವರು ಅಳುತ್ತಾ ಹೇಳುವುದಿಲ್ಲ. ಯಾವ ಊರು, ಯಾರು ಏನಂದರು, ಎಷ್ಟು ಹೊತ್ತಾಗಿತ್ತು ಅಂತ ಸಾಕ್ಷಿ ಹೇಳಿದ ಹಾಗೆ ಬರೆಯುತ್ತಾರೆ. ಇದು ವಹಿಯ ಒಂದು ಬದಿ: ಜಗತ್ತು ನನಗೆ ಮಾಡಿದ್ದು.

ಇನ್ನೊಂದು ಬದಿ 1929ರ ಚಾಳೀಸಗಾಂವದ ಘಟನೆಯಲ್ಲಿದೆ. ಬಾಬಾಸಾಹೇಬರು ಆಗ ಬ್ಯಾರಿಸ್ಟರ್. ಸ್ಟೇಷನ್ನಿನಿಂದ ಮಹಾರವಾಡಾಕ್ಕೆ ಅವರನ್ನು ಕರೆದೊಯ್ಯಲು ಟಾಂಗಾದವರು ಒಪ್ಪಲಿಲ್ಲ. ನಮ್ಮ ಮಂದಿ ಟಾಂಗಾ ಮಾತ್ರ ಬಾಡಿಗೆಗೆ ತಗೊಂಡರು. ಎಂದೂ ಟಾಂಗಾ ಹೊಡೆಯದ ನಮ್ಮವನೇ ಒಬ್ಬ ಹೊಡೆದ. ನದಿಯ ಮೋರಿಯ ಮೇಲೆ ಗಾಲಿ ಸಿಕ್ಕಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದರು, ಕಾಲು ಮುರಿಯಿತು. ಟಾಂಗಾದವನ ಜಾತಿ ಸೊಕ್ಕನ್ನು ಅವರು ಬರೆದಿದ್ದಾರೆ. ಅಲ್ಲಿಗೇ ನಿಲ್ಲಲಿಲ್ಲ. ಅತಿಥಿ ನಡೆದುಕೊಂಡು ಬಂದರೆ ತಮ್ಮ ಮರ್ಯಾದೆ ಹೋಗುತ್ತದೆ ಅಂತ ತಿಳಿದ ನಮ್ಮ ಜನರು, ಅದೇ ಮರ್ಯಾದೆಗಾಗಿ ಅತಿಥಿಯ ಜೀವವನ್ನೇ ಅಪಾಯಕ್ಕೆ ಒಡ್ಡಿದರು ಎಂಬುದನ್ನೂ ಬರೆದಿದ್ದಾರೆ. ಅದರಲ್ಲಿ ಬೈಗುಳ ಇಲ್ಲ, ಮುಚ್ಚಿಡುವುದೂ ಇಲ್ಲ. ಇದು ವಹಿಯ ಎರಡನೇ ಬದಿ: ನಾವು ಮಾಡಿದ್ದು.

ಹನ್ನೂರು, ಮಹೂದ, ಫಲಟಣ

ಬಾಬಾಸಾಹೇಬರ ನಂತರ ಈ ಎರಡು ಬದಿಯ ವಹಿಯನ್ನು ದೊಡ್ಡದಾಗಿ ತೆರೆದವರಲ್ಲಿ ನಮ್ಮ ಜಿಲ್ಲೆಯವರೇ ಇದ್ದಾರೆ.

ಶರಣಕುಮಾರ ಲಿಂಬಾಳೆ ಹುಟ್ಟಿದ್ದು 1956ರಲ್ಲಿ, ಅಕ್ಕಲಕೋಟ ತಾಲೂಕಿನ ಹನ್ನೂರಿನಲ್ಲಿ. ಕನ್ನಡ-ಮರಾಠಿ ಎರಡೂ ಕಿವಿಗೆ ಬೀಳುವ ನಮ್ಮದೇ ಸೀಮೆ. 1984ರಲ್ಲಿ ಬಂದ ಅವರ ಆತ್ಮಕಥೆಯ ಹೆಸರು 'ಅಕ್ಕರಮಾಶಿ'. ತೊಲೆ ಬಂಗಾರಕ್ಕೆ ಹನ್ನೆರಡು ಮಾಸಿ. ಹನ್ನೊಂದೇ ಮಾಸಿ ಇದ್ದರೆ ಅದು ಕೊರೆ. ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ಮಂದಿ ಅನ್ನುವ ಬೈಗುಳ ಅದು. ಮೇಲ್ಜಾತಿಯ ಪಾಟೀಲನ ಮಗ, ಮಹಾರ ತಾಯಿಯ ಮಗ, ಎರಡೂ ಕಡೆ ಪೂರ್ತಿ ಸೇರದವನು. ಮಂದಿ ಬೈದ ಆ ಶಬ್ದವನ್ನೇ ಅವರು ಪುಸ್ತಕದ ಮೇಲೆ ಹಾಕಿದರು.

ಆ ಪುಸ್ತಕದಲ್ಲಿ ಸಾಲಿಯ ಸಹಲಿನ ಒಂದು ಪ್ರಸಂಗವಿದೆ. ಮೇಲ್ಜಾತಿಯ ಮಕ್ಕಳು ಬೇರೆ ಕೂತು ಉಣ್ಣುತ್ತಾರೆ, ಉಳಿದದ್ದು ಕೇರಿಯ ಮಕ್ಕಳಿಗೆ. ಮರುದಿನ ಗುರುಗಳು ಸಹಲಿನ ಮೇಲೆ ನಿಬಂಧ ಬರೆಯಲು ಹೇಳುತ್ತಾರೆ. ಹುಡುಗನಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. ಯೋಚನೆ ಮಾಡ್ರಿ: ಪ್ರಶ್ನೆ ಇದೆ, ವಹಿ ಇದೆ, ಖರೆ ಉತ್ತರ ಬರೆಯಲು ಮಾತ್ರ ಆ ವರ್ಗದಲ್ಲಿ ಜಾಗವಿಲ್ಲ. ಅಂದು ಬರೆಯಲಾಗದ ನಿಬಂಧವೇ ಮುಂದೆ 'ಅಕ್ಕರಮಾಶಿ' ಆಯಿತು ಅಂತ ನನಗೆ ಅನಿಸುತ್ತದೆ. ಸಗಣಿಯಲ್ಲಿ ಸಿಕ್ಕ ಜೋಳದ ಕಾಳು ತೊಳೆದು ಅಜ್ಜಿ ಭಾಕರಿ ಮಾಡಿದ್ದು, ಮನೆಯೊಳಗಿನ ಕುಡಿತ, ಜಗಳ, ತಾಯಿಯ ಬಾಳು ಯಾವುದನ್ನೂ ಅವರು ತೊಳೆದು ಬೆಳ್ಳಗೆ ಮಾಡಿ ತೋರಿಸಲಿಲ್ಲ. ಇದೇ ಲಿಂಬಾಳೆಯವರಿಗೆ ಮುಂದೆ 'ಸನಾತನ' ಕಾದಂಬರಿಗಾಗಿ 2020ರ ಸರಸ್ವತಿ ಸಮ್ಮಾನ ಬಂತು.

ಸಾಂಗೋಲಾ ತಾಲೂಕಿನ ಮಹೂದದಲ್ಲಿ 1923ರಲ್ಲಿ ಹುಟ್ಟಿದ ಶಾಂತಾಬಾಯಿ ಕಾಂಬಳೆ 1942ರಲ್ಲಿ ಸೊಲ್ಲಾಪುರ ಜಿಲ್ಲಾ ಬೋರ್ಡಿನ ಸಾಲಿಯಲ್ಲಿ ಶಿಕ್ಷಕಿಯಾದರು. ನಿವೃತ್ತಿಯ ನಂತರ ಬರೆಯಲು ಕೂತರು. 'ಮಾಝ್ಯಾ ಜಲ್ಮಾಚೀ ಚಿತ್ತರಕಥಾ' 1986ರಲ್ಲಿ ಪುಸ್ತಕವಾಯಿತು. ವಯಸ್ಸು ಮೀರಿತು, ಇನ್ನೇನು ಬರೆಯೋದು ಅನ್ನುವ ನಮ್ಮ ತಾಯಂದಿರು ಈ ಇಸವಿಗಳನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು.

ಅದೇ ವರ್ಷ ಸಾತಾರಾ ಜಿಲ್ಲೆಯ ಫಲಟಣದ ಬೇಬಿತಾಯಿ ಕಾಂಬಳೆಯವರ 'ಜಿಣ ಅಮುಚ' ಪುಸ್ತಕ ಬಂತು. ಅವರದು ಸಣ್ಣ ಅಂಗಡಿ. ಸಾಮಾನು ಕಟ್ಟಿಕೊಡಲು ತಂದ ರದ್ದಿ ಪೇಪರ್ ಓದುತ್ತಾ ಓದುತ್ತಾ ಬರೆಯಲು ಕಲಿತರು. ಮನೆಯ ಗಂಡಸರ ಕಣ್ಣಿಗೆ ಬೀಳದಂತೆ ಸುಮಾರು 20 ವರ್ಷ ಆ ಬರಹವನ್ನು ಮುಚ್ಚಿಟ್ಟಿದ್ದರು. ಮೇಲ್ಜಾತಿಯವರು ಮಹಾರರನ್ನು ಹೇಗೆ ನಡೆಸಿಕೊಂಡರು ಅಂತ ಬರೆದ ಅದೇ ಕೈ, ಮಹಾರವಾಡಾದೊಳಗೆ ಸೊಸೆಯರನ್ನು ಹೇಗೆ ಹೊಡೆಯುತ್ತಿದ್ದರು, ಓಡಿಹೋಗದಂತೆ ಕಾಲಿಗೆ ಕಟ್ಟಿಗೆಯ ಕೋಡ ಹೇಗೆ ಹಾಕುತ್ತಿದ್ದರು ಅಂತಲೂ ಬರೆಯಿತು. ತಮ್ಮ ಗಂಡನಿಂದ ತಿಂದ ಹೊಡೆತವನ್ನು ಮಾತ್ರ ಪುಸ್ತಕದಲ್ಲಿ ಹಾಕಲಿಲ್ಲ. ಎಷ್ಟೋ ವರ್ಷಗಳ ಮೇಲೆ ಸಂದರ್ಶನದಲ್ಲಿ ಹೇಳಿದರು. ಏನನ್ನು, ಯಾವಾಗ, ಯಾರ ಮುಂದೆ ತೆರೆಯಬೇಕು ಅನ್ನೋದು ಬರೆಯುವವರ ಹಕ್ಕು. ಆದರೆ ತನಗೆ ತಾನು ಸುಳ್ಳು ಹೇಳಿಕೊಳ್ಳಬಾರದು, ಅಷ್ಟೇ.

ಕನ್ನಡದಲ್ಲೂ 1990ರ ದಶಕದಲ್ಲಿ ಮುದ್ದೇಬಿಹಾಳ ಕಡೆಯ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರು ಕೇರಿ' ಬಂದವು. ನಮ್ಮ ಹೋಟಗಿಯಲ್ಲಿ ಮನೆಯ ಮಾತು ಕನ್ನಡ, ಸಾಲಿಯ ಮಾತು ಮರಾಠಿ ಇದ್ದವರು ಬಹಳ. ನಮಗೆ ಎರಡೂ ಕಪಾಟುಗಳ ಕೀಲಿ ಕೈಯಲ್ಲಿದೆ. ಓದದೆ ಬಿಟ್ಟರೆ ಅದು ನಮ್ಮದೇ ನುಕ್ಸಾನ.

ಒಂದು ಬದಿ ಹರಿದರೆ ಏನಾಗುತ್ತದೆ?

ಈಗ ಪೇಟೆಯ ಪುಸ್ತಕಕ್ಕೆ ಬರೋಣ. ಅದರ ಹೆಚ್ಚಿನ ಪ್ರಶ್ನೆಗಳು ನನ್ನೊಳಗೇ ತಿರುಗುತ್ತವೆ. ನಿನ್ನ ಸಿಟ್ಟು ಕಡಿಮೆ ಮಾಡು, ನಿನ್ನ ವಿಚಾರ ಬದಲಿಸು, ಇದ್ದುದರಲ್ಲಿ ಸಮಾಧಾನ ಪಡು. ನೌಕರಿ ಸಂದರ್ಶನದಲ್ಲಿ ಅಡ್ಡಹೆಸರು ಕೇಳಿ ಮುಖ ತಿರುಗಿಸಿದರೆ, ಬಾಡಿಗೆ ಮನೆ ಕೊಡುವಾಗ ಜಾತಿ ಕೇಳಿದರೆ, ಅದನ್ನು ಬರೆಯಲು ಆ ಪುಟದಲ್ಲಿ ಗೆರೆ ಇಲ್ಲ. ಅಂಥ ವಹಿ ತುಂಬಿದ ನಮ್ಮ ಹುಡುಗ ಕಡೆಗೆ "ತಪ್ಪೆಲ್ಲ ನನ್ನದೇ" ಅಂದುಕೊಳ್ಳುತ್ತಾನೆ. ಇದು ಹಳೇ ಕರ್ಮದ ಮಾತೇ, ಹೊಸ ರಟ್ಟಿನೊಳಗೆ.

ಇನ್ನೊಂದು ಬದಿ ಹರಿದರೂ ಕಷ್ಟವೇ. ಜಗತ್ತು ನಮಗೆ ಮಾಡಿದ್ದನ್ನಷ್ಟೇ ಬರೆದರೆ ಅದು ದೂರಿನ ಅರ್ಜಿ ಆಗ್ತದ, ಆತ್ಮಪರೀಕ್ಷೆ ಆಗೋದಿಲ್ಲ. ನಮ್ಮ ಮನೆಯ ಹೆಣ್ಣುಮಗಳ ಸಾಲಿ ಬಿಡಿಸಿದ್ದು, ನಮ್ಮ ವಾಡಾದವರು ಇನ್ನೊಂದು ವಾಡಾದವರ ಮನೆಯಲ್ಲಿ ಚಹಾ ಕುಡಿಯದೇ ಇರುವುದು, ಸಂಜೆಯ ಕುಡಿತ, ಇವೆಲ್ಲ ಎಲ್ಲಿ ಬರೆಯೋಣ? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂದು ನಂಬುವುದೂ ಇದೆ, ಸುಳ್ಳು ಹೇಳದಿರುವುದೂ ಕುಡಿಯದಿರುವುದೂ ಇದೆ. ವಿಹಾರದಲ್ಲಿ ಜೋರಾಗಿ ಹೇಳಿ ಮನೆಗೆ ಬಂದು ಮರೆಯುವುದಕ್ಕೆ ಅಲ್ಲ ಅವು. ಒಂದೊಂದರ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ನೋಡ್ರಿ, 22 ದಿನದ ವಹಿ ತಯಾರಾಗ್ತದ.

ನಮ್ಮ ವಹಿ ಹೆಂಗಿರಬೇಕು?

ದುಡ್ಡು ಕೊಟ್ಟು ಚಂದದ ಪುಸ್ತಕ ತರಬೇಕಿಲ್ಲ. ಒಂದು ಸಾದಾ ವಹಿ ಸಾಕು. ತೆರೆದಾಗ ಎಡಕ್ಕೊಂದು, ಬಲಕ್ಕೊಂದು ಪುಟ ಕಾಣುತ್ತದಲ್ಲ, ಎಡಕ್ಕೆ 'ನನಗೆ ಆದದ್ದು', ಬಲಕ್ಕೆ 'ನಾನು ಮಾಡಿದ್ದು' ಅಂತ ಬರೆಯಿರಿ. ಮೇಲಿನ ಇತಿಹಾಸದಿಂದಲೇ ಆರಿಸಿದ ಏಳು ಪ್ರಶ್ನೆ ಕೊಡುತ್ತೇನೆ.

ಎಡಬದಿಗೆ:
1. ಈ ವಾರ ಯಾರು ನನ್ನನ್ನು ಕಡಿಮೆ ಕಂಡರು? ಎಲ್ಲಿ, ಯಾವಾಗ, ಯಾವ ಮಾತಿನಿಂದ?
2. ಆಗ ನನ್ನ ಜೊತೆ ಯಾರು ನಿಂತರು?
3. ಇದು ನನ್ನೊಬ್ಬನ ತ್ರಾಸೋ, ನಮ್ಮ ಗಲ್ಲಿಯ ಎಲ್ಲರದೋ?

ಬಲಬದಿಗೆ:
4. ನಾನು ಯಾರನ್ನು ಕಡಿಮೆ ಕಂಡೆ? ಮನೆಯಲ್ಲಿ ಅವ್ವ, ಅಕ್ಕ, ಹೆಂಡತಿಯ ಜೊತೆ ಹೇಗೆ ಮಾತಾಡಿದೆ?
5. ನಾನು ಮಾಡಿದ ಒಂದು ಕೆಲಸದಿಂದ ಯಾರಿಗೆ ಕೇಡಾಯಿತು, ಯಾರಿಗೆ ಒಳಿತಾಯಿತು? ಮಾಡುವ ಮುಂಚೆ ಇದು ಕಂಡಿತ್ತೇ?
6. ಈ ವಾರ ಹೇಳಿದ ಸುಳ್ಳು ಯಾವುದು? ಯಾರ ಹೆದರಿಕೆಗೆ?
7. ಸಿಟ್ಟು, ಅವಸರ, ಆಲಸ್ಯ, ಈ ಮೂರರಲ್ಲಿ ನನ್ನ ಕೆಲಸ ಕೆಡಿಸಿದ್ದು ಯಾವುದು?

ದಿನಾ ಬರೆಯಲು ಆಗದಿದ್ದರೆ ರವಿವಾರಕ್ಕೊಮ್ಮೆ ಬರೆಯಿರಿ. ತಾರೀಖು ಹಾಕಿರಿ. "ಭಾಳ ಬ್ಯಾಸರಾಯ್ತು" ಅಂತ ಬರೆದು ಬಿಡಬೇಡಿ. ಬಾಬಾಸಾಹೇಬರ ಹಾಗೆ ಆದದ್ದನ್ನು ಆದ ಹಾಗೆ ಬರೆಯಿರಿ, ಬ್ಯಾಸರ ಓದುವವರಿಗೆ ತಾನೇ ತಿಳಿಯುತ್ತದೆ. ಕನ್ನಡ ಬಂದರೆ ಕನ್ನಡ, ಮರಾಠಿ ಬಂದರೆ ಮರಾಠಿ, ಎರಡೂ ಕೂಡಿಸಿದರೂ ನಡೀತದ. ಸ್ಟೇಟಸ್‌ಗೆ ಹಾಕಬೇಡಿ, ಮಂದಿ ನೋಡ್ತಾರ ಅಂದ್ರ ನಾವು ಬೆಳ್ಳಗಾಗಿ ಬರೆಯಲು ಶುರು ಮಾಡ್ತೀವಿ. ಅಕ್ಕ-ತಂಗಿಯರ ವಹಿಯನ್ನು ಅಣ್ಣ-ತಮ್ಮಂದಿರು ಕೇಳದೆ ಮುಟ್ಟಬೇಡಿ; ಬೇಬಿತಾಯಿಯವರ 20 ವರ್ಷ ನಮ್ಮ ಮನೆಗಳಲ್ಲಿ ಮತ್ತೆ ಆಗುವುದು ಬೇಡ. ಬರೆಯುತ್ತಾ ಮನಸ್ಸು ಇನ್ನೂ ಭಾರವಾದರೆ ಒಬ್ಬರೇ ಹೊತ್ತುಕೊಂಡು ಕೂಡಬೇಡಿ. ರಾಹುಲನಿಗೆ ಹೇಳಿದ ಹಾಗೆ ನಂಬಿಕೆಯ ಒಬ್ಬರ ಮುಂದೆ ಬಾಯಿಬಿಡಿ, ಬೇಕಾದರೆ ಡಾಕ್ಟರರ ಹತ್ತಿರ ಹೋಗಿರಿ. ಅಕ್ಷರ ಬಾರದ ಅಜ್ಜ-ಅಜ್ಜಿ ಮನೆಯಲ್ಲಿದ್ದರೆ ಅವರು ಹೇಳಲಿ, ನೀವು ಬರೆಯಿರಿ. ಅವರು ಹೋದ ಮೇಲೆ ಆ ಪುಟ ಯಾವ ಲೈಬ್ರರಿಯಲ್ಲೂ ಸಿಗುವುದಿಲ್ಲ.

ಕಡೆಯ ಮಾತು ನಮ್ಮ ಸಂಘಕ್ಕೆ. ಸಂಘದ ವಹಿಗೂ ಎರಡು ಬದಿ ಇರಲಿ. ಊರಿನಲ್ಲಿ, ಕಚೇರಿಯಲ್ಲಿ, ಕಾಲೇಜಿನಲ್ಲಿ ನಮ್ಮವರಿಗೆ ಆದ ಅನ್ಯಾಯ ಎಡಕ್ಕೆ ಬರೆಯೋಣ. ಅದು ನಾಳೆಯ ಅರ್ಜಿಗೂ ಮೋರ್ಚಾಕ್ಕೂ ಆಧಾರ. ಬಲಕ್ಕೆ ನಮ್ಮ ಲೆಕ್ಕ ಬರೆಯೋಣ: ಜಯಂತಿಯ ಡಿಜೆಗೆ ಎಷ್ಟು ಖರ್ಚಾಯಿತು, ಪುಸ್ತಕಕ್ಕೆ ಎಷ್ಟು? ನಮ್ಮ ಸಮಿತಿಯಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ? ಪಕ್ಕದ ವಾಡಾದ ಹುಡುಗರನ್ನು ಎಷ್ಟು ಸಲ ಕರೆದೆವು? ಮುಂದಿನ ವರ್ಧಂತಿಯ ದಿನ ಎರಡೂ ಪುಟ ಎಲ್ಲರ ಮುಂದೆ ಓದಲಿ.

ನಮ್ಮ ಬಗ್ಗೆ ಬೇರೆಯವರು ಬರೆದದ್ದು ಸಾಕಷ್ಟಾಯಿತು: ಸಾಲಿಯ ದಾಖಲೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಸರಕಾರದ ವರದಿಯಲ್ಲಿ. ಇನ್ನು ಮುಂದೆ ನಮ್ಮ ಕೈಯಿಂದ, ಎರಡೂ ಬದಿ ಖರೆ ಬರೆಯೋಣ.

ಜೈ ಭೀಮ. ನಮೋ ಬುದ್ಧಾಯ.